ನಿಂತ ಬಸ್ಸಿನಲ್ಲಿ ಕಲಿತ ನಡಿಗೆ

ಓಡುವ ಬಸ್ಸಿನಲ್ಲಿ ಒಂದು ದಿನವೂ ಬೀಳದವಳು ನಾನು. ಮಂಡ್ಯದಿಂದ ಹೊರಟು ಮದ್ದೂರು, ಭಾರತೀನಗರ ಹಾದು ಮಳವಳ್ಳಿಗೆ ಹೋಗುವ ಸರ್ಕಾರಿ ಬಸ್ಸಿನ ಕಂಡಕ್ಟರ್ ಆಗಿ ಆ ರಸ್ತೆಯ ಪ್ರತಿ ಗುಂಡಿ, ಪ್ರತಿ ಹಂಪು ನನ್ನ ಪಾದಕ್ಕೆ ಗೊತ್ತಿತ್ತು. ಅಂಥವಳು ಬಿದ್ದದ್ದು ನಮ್ಮ ಮನೆಯ ಹಿತ್ತಿಲಲ್ಲಿ, ಬಟ್ಟೆ ಒಗೆಯುವ ಕಲ್ಲಿನ ಪಕ್ಕ, ಪಾಚಿಯ ಮೇಲೆ ಕಾಲಿಟ್ಟು. ಬಲ ತೊಡೆಯ ಮೂಳೆ ಸೊಂಟದ ಹತ್ತಿರ ಮುರಿದಿತ್ತು. ಮಂಡ್ಯದ ಆಸ್ಪತ್ರೆಯಲ್ಲಿ ಆಪರೇಷನ್ ಮಾಡಿ, ಪ್ಲೇಟು ಸ್ಕ್ರೂ ಹಾಕಿ ಕೂಡಿಸಿದರು. ಅಲುಗಾಡದ ನೆಲ ನನ್ನನ್ನು ಕೆಡವಿತಲ್ಲ ಎಂಬ ಸಿಟ್ಟು ನೋವಿಗಿಂತ ಹೆಚ್ಚಾಗಿತ್ತು.

ಬಸ್ಸಿನಲ್ಲಿ ನಡೆಯುವುದು ಒಂದು ವಿದ್ಯೆ. ಪ್ರಯಾಣಿಕರು ಕಂಬಿ ಹಿಡಿದು ಜೋತಾಡುತ್ತಾರೆ, ನಮಗೆ ಆ ಸುಖವಿಲ್ಲ. ಒಂದು ಕೈಯಲ್ಲಿ ಟಿಕೆಟ್ ಮೆಷಿನ್ನು, ಇನ್ನೊಂದರಲ್ಲಿ ಚಿಲ್ಲರೆ. ಮೂರನೇ ಕೈಯನ್ನು ದೇವರು ಕೊಟ್ಟಿಲ್ಲ. ಹಾಗಾಗಿ ಕಂಡಕ್ಟರುಗಳು ಸೊಂಟದಲ್ಲಿ ಹಿಡಿದುಕೊಳ್ಳುತ್ತಾರೆ. ಸೀಟಿನ ಅಂಚಿಗೆ ಸೊಂಟ ಒತ್ತಿ ಭಾರವನ್ನೆಲ್ಲ ಅದಕ್ಕೆ ಬಿಟ್ಟು, ಟಿಕೆಟ್ ಕೊಟ್ಟು, ಒಂದು ಹೆಜ್ಜೆ ಮುಂದೆ ಇಟ್ಟು ಇನ್ನೊಂದು ಸೀಟಿಗೆ ಒರಗುವುದು. ನಾನು ಬಲಕ್ಕೆ ಒರಗುವವಳು. ಹೆಂಗಸರಿಗೆ ಬಸ್ಸು ಫ್ರೀ ಆದ ಮೇಲಂತೂ ಭಾರತೀನಗರದ ಕಾಲೇಜು ಬಿಡುವ ಹೊತ್ತಿಗೆ ಕಾಲೂರಲು ಜಾಗವಿರುತ್ತಿರಲಿಲ್ಲ, ಆದರೂ ಸೊಂಟವೊಂದು ಒರಗಲು ಅಂಚು ಹುಡುಕಿಕೊಳ್ಳುತ್ತಿತ್ತು.

ನನ್ನ ಜೊತೆಗೆ ಇದ್ದ ಡ್ರೈವರನ್ನು ನಾನು ಅಣ್ಣ ಅನ್ನುತ್ತಿದ್ದೆ. ಮಾತು ಕಡಿಮೆಯ ಮನುಷ್ಯ. ನಾನು ‘ರೈಟ್’ ಅಂದರೆ ಸಾಕು, ಬಸ್ಸು ಹೊರಡುತ್ತಿತ್ತು. ನಾನೆಲ್ಲಿದ್ದೇನೆ, ಏನು ಹಿಡಿದಿದ್ದೇನೆ ಎಂದು ಕನ್ನಡಿಯಲ್ಲಿ ಒಮ್ಮೆಯೂ ನೋಡಿದವರಲ್ಲ. ಮುದುಕಿಯರು ಹತ್ತಿದಾಗ ನೋಡುತ್ತಿದ್ದರು, ಬಸುರಿಯರು ಹತ್ತಿದಾಗ ನೋಡುತ್ತಿದ್ದರು, ನನ್ನನ್ನು ಮಾತ್ರ ಇಲ್ಲ. ಅದು ಅಸಡ್ಡೆಯಲ್ಲ, ನಂಬಿಕೆ ಅಂತ ನನಗೆ ಗೊತ್ತಿತ್ತು. ಮನೆಯಲ್ಲಿ ನಾನು ಏಳು ಅಂದರೆ ಬೆಕ್ಕೂ ಏಳುವುದಿಲ್ಲ. ನನ್ನ ಒಂದು ಮಾತಿಗೆ ಹೊರಡುತ್ತಿದ್ದದ್ದು ಈ ಭೂಮಿಯ ಮೇಲೆ ಆ ಬಸ್ಸು ಒಂದೇ. ಅದನ್ನು ಕಳೆದುಕೊಳ್ಳುವುದು ನನ್ನಿಂದ ಸಾಧ್ಯವಿರಲಿಲ್ಲ.

ಆದರೆ ಕಾಯಿದೆ ಕಾಯಿದೆಯೇ. ರಜೆ ಮುಗಿಯುವುದರೊಳಗೆ ಡಾಕ್ಟರ ಮುಂದೆ ನಡೆದು ತೋರಿಸಿ ಫಿಟ್ ಅನ್ನಿಸಿಕೊಳ್ಳಬೇಕು. ಅನ್ನಿಸಿಕೊಳ್ಳದಿದ್ದರೆ ಬಸ್ಸಿಲ್ಲ. ಸ್ಟ್ಯಾಂಡಿನ ಪಾಸ್ ಕೌಂಟರಿನ ಕಿಂಡಿಯ ಹಿಂದೆ ಕೂರಬೇಕು. ಹಾಗೆ ಕೂತವರನ್ನು ನಾನು ನೋಡಿದ್ದೆ. ಮೊದಮೊದಲು ‘ಸದ್ಯಕ್ಕೆ ಇಲ್ಲಿ’ ಅನ್ನುತ್ತಿದ್ದರು, ಆಮೇಲೆ ಏನೂ ಅನ್ನುತ್ತಿರಲಿಲ್ಲ.

ಹಾಸಿಗೆಯಲ್ಲಿದ್ದಾಗ ಅತ್ತೆ ಕಾಲು ಸೂಪು ಕುಡಿಸಿದರು. ಕಾಲಿಗೆ ಕಾಲೇ ಮದ್ದು ಎಂಬುದು ಅವರ ಸಿದ್ಧಾಂತ. ಅದೂ ಬಂಡೂರು ಕುರಿಯ ಕಾಲೇ ಆಗಬೇಕು, ಬೇರೆ ಕುರಿಯ ಕಾಲಿನಲ್ಲಿ ಕಸುವಿಲ್ಲ. ಕಬ್ಬಿನ ಗದ್ದೆಯ ಕೆಲಸ ಬಿಟ್ಟು ನಮ್ಮನೆಯವರು ಅದನ್ನು ಹುಡುಕಿಕೊಂಡು ಮಳವಳ್ಳಿ ಕಡೆ ಹೋಗುತ್ತಿದ್ದರು. ನಾನು ಕುಡಿದ ಸೂಪಿನ ಕುರಿಗಳೆಲ್ಲ ಎದ್ದು ಬಂದರೆ ನಮ್ಮ ಬೀದಿ ಸಾಲುವುದಿಲ್ಲ. ಮೂಳೆ ಕೂಡಿತು. ವಾಕರ್ ಹಿಡಿದು ಅಂಗಳದಲ್ಲಿ ಓಡಾಡುವಷ್ಟಾಯಿತು.

ಮನೆಯ ವ್ಯಾಯಾಮಕ್ಕೆ ಆಸ್ಪತ್ರೆಯವರು ಒಂದಿಷ್ಟು ಹೇಳಿ ಕಳಿಸಿದ್ದರು. ಮಲಗಿಕೊಂಡು ಕಾಲು ಎತ್ತು, ಇಳಿಸು. ಮತ್ತೆ ಬಂದು ತೋರಿಸಿ ಅಂದಿದ್ದರು. ನನಗೆ ಅದು ಮಕ್ಕಳಾಟದಂತೆ ಕಂಡಿತು. ನಡೆಯುವವಳು ನಾನು, ನಡಿಗೆ ನನಗೆ ಗೊತ್ತಿಲ್ಲವೇ? ಅದಕ್ಕೆ ನನ್ನದೇ ಉಪಾಯ ಹೂಡಿದೆ. ನಮ್ಮ ಮನೆಯಾಚೆ ಹುಣಸೆ ಮರದಡಿ ಒಂದು ಹಳೆಯ ಖಾಸಗಿ ಬಸ್ಸು ಕೆಟ್ಟು ನಿಂತಿದೆ. ಅದರ ಒಡೆಯ ಎಂಜಿನ್ನು ಬಿಚ್ಚಿ ಮಾರಿಕೊಂಡು ಉಳಿದದ್ದನ್ನು ಕೋಳಿಗಳಿಗೆ ಬಿಟ್ಟಿದ್ದ. ಸೀಟುಗಳು ಮಾತ್ರ ಇದ್ದವು. ನಮ್ಮನೆಯವರ ಹೆಗಲು ಹಿಡಿದು ಅದರ ಮೆಟ್ಟಿಲು ಹತ್ತಿದೆ. ಒಳಗೆ ಕಾಲಿಟ್ಟ ಕ್ಷಣ ಮೈಯೆಲ್ಲ ಹಗುರಾಯಿತು. ಎರಡೂ ಕಡೆ ಸೀಟು, ನಡುವೆ ನನ್ನ ದಾರಿ. ಹಿಂದಿನಿಂದ ಮುಂದಕ್ಕೆ, ಮುಂದಿನಿಂದ ಹಿಂದಕ್ಕೆ, ಕೋಳಿಗಳು ಕೊಕ್ಕರಿಸಿ ಎದ್ದು ಹೋಗುವವರೆಗೆ ನಡೆದೆ. ದಿನವೂ ಹೋದೆ. ಸ್ವಲ್ಪ ದಿನಕ್ಕೆ ಕೈಯಲ್ಲಿ ಏನನ್ನೂ ಹಿಡಿಯದೆ ನಡೆಯತೊಡಗಿದೆ. ಕೈ ಮೇಲೆತ್ತಿ ನಡೆದು ನಮ್ಮನೆಯವರಿಗೆ ತೋರಿಸಿದೆ. ‘ಬಸ್ಸು ಒಂದೇ ಓಡ್ತಿಲ್ಲ, ನೀನು ಓಡ್ತಿದ್ದೀಯ ಬುಡು’ ಅಂದರು. ಆ ಖುಷಿಗೆ ವಾಕರನ್ನು ಅಟ್ಟಕ್ಕೆ ಹಾಕಿಸಿದೆ.

ಎಕ್ಸ್‌ರೇ ತೆಗೆಸಲು ಮಂಡ್ಯಕ್ಕೆ ಹೊರಟ ದಿನ ನಾನು ಗುಣವಾದವಳೆಂದೇ ಹೊರಟದ್ದು. ಭಾರತೀನಗರದಲ್ಲಿ ಬಸ್ಸು ಹತ್ತಿದೆ. ನಮ್ಮ ಡಿಪೋದ್ದಲ್ಲ, ಗುರುತಿನವರು ಯಾರೂ ಇರಲಿಲ್ಲ. ಕಂಡಕ್ಟರ್ ನನ್ನನ್ನು ಒಮ್ಮೆ ಮೇಲಿನಿಂದ ಕೆಳಕ್ಕೆ ನೋಡಿದ, ಮುಂದಿನ ಸೀಟಿನಲ್ಲಿ ಮೊಬೈಲು ಒತ್ತುತ್ತ ಕೂತಿದ್ದ ಒಬ್ಬನ ಭುಜ ತಟ್ಟಿದ.

‘ಏಳ್ಲಾ ಮ್ಯಾಕೆ. ಕಾಲಿಲ್ದೋರ ಸೀಟು ಕಣ್ಲಾ ಅದು. ಆಯಮ್ಮನ ಕಾಲು ಕಾಣಾಕಿಲ್ವ?’

ಯಾರಿಗೆ ಹೇಳುತ್ತಿದ್ದಾನೆ ಎಂದು ನಾನೂ ಹಿಂದೆ ತಿರುಗಿ ನೋಡಿದೆ. ಹಿಂದೆ ಯಾರೂ ಇರಲಿಲ್ಲ. ಆ ಸೀಟಿನಿಂದ ಎಷ್ಟು ಜನ ಗಟ್ಟಿಮುಟ್ಟಾದವರನ್ನು ನಾನೇ ಬೈದು ಎಬ್ಬಿಸಿದ್ದೆನೋ ಲೆಕ್ಕವಿಲ್ಲ. ಅದೇ ಮಾತು, ಅದೇ ದನಿ. ಮುಖಕ್ಕೆ ಬೆಂಕಿ ಇಟ್ಟಂತಾಯಿತು. ನನಗೇನಾಗಿದೆ, ಚೆನ್ನಾಗಿಯೇ ಇದ್ದೇನೆ ಎಂದು ಆತನ ಮೇಲೆ ಎಗರಿದೆ. ಎದ್ದ ಹುಡುಗ ಮತ್ತೆ ಕೂರಲೂ ಆಗದೆ ನಿಲ್ಲಲೂ ಆಗದೆ ನೋಡಿದ. ಮಂಡ್ಯದವರೆಗೂ ಆ ಸೀಟು ಖಾಲಿಯೇ ಹೋಯಿತು, ಅದರ ಅಂಚಿಗೆ ಸೊಂಟ ಒತ್ತಿಕೊಂಡು ನಾನು ನಿಂತೇ ಹೋದೆ.

ಮೂಳೆ ಚೆನ್ನಾಗಿ ಕೂಡಿದೆ ಎಂದರು ಡಾಕ್ಟರು. ನಾನು ಗೆದ್ದೆ ಅಂದುಕೊಂಡೆ. ಎದ್ದು ಹೊರಡುವಾಗ ನನ್ನ ಹೆಜ್ಜೆ ನೋಡಿದರೋ ಏನೋ, ವಾಪಸ್ಸು ಕರೆದು ವ್ಯಾಯಾಮದ ಕೋಣೆಗೆ ಕಳಿಸಿದರು. ಅಲ್ಲಿದ್ದ ಫಿಸಿಯೋಥೆರಪಿಯ ಹೆಣ್ಣುಮಗಳು ನನ್ನನ್ನು ಉದ್ದದ ವರಾಂಡದ ನಟ್ಟನಡುವೆ ನಡೆಸಿ ಹಿಂದಿನಿಂದ ನನ್ನದೇ ಮೊಬೈಲಿನಲ್ಲಿ ವಿಡಿಯೋ ತೆಗೆದಳು. ನೋಡಿ ಎಂದು ಕೈಗೆ ಕೊಟ್ಟಳು.

ಯಾವುದೋ ಹೆಂಗಸು ನಡೆದು ಹೋಗುತ್ತಿದ್ದಳು. ಬಲಗಾಲು ಊರಿದಾಗಲೆಲ್ಲ ಮೈ ಬಲಕ್ಕೆ ವಾಲುತ್ತಿತ್ತು, ಎಡಗಡೆಯ ಸೊಂಟ ಕುಸಿಯುತ್ತಿತ್ತು, ಮತ್ತೆ ಎದ್ದು ಮತ್ತೆ ಕುಸಿಯುತ್ತಿತ್ತು. ಸೀರೆ ನನ್ನದು. ಜಡೆ ನನ್ನದು. ಅವಳನ್ನು ಮಾತ್ರ ನಾನು ಎಲ್ಲಿಯೂ ನೋಡಿರಲಿಲ್ಲ. ಯಾಕೆ ಯಾರೂ ಹೇಳಲಿಲ್ಲ ನನಗೆ? ಗಂಡ ದಿನವೂ ನೋಡುತ್ತಿದ್ದರಲ್ಲ, ಅತ್ತೆ ನೋಡುತ್ತಿದ್ದರಲ್ಲ. ನಮ್ಮ ಕಡೆ ಹೀಗೇ. ಊರ ಕುಂಟರನ್ನೆಲ್ಲ ಅಡ್ಡಹೆಸರಿಟ್ಟು ಕರೆಯುತ್ತಾರೆ, ಮನೆಯವರ ಕಾಲಿನ ಮಾತು ಬಂದರೆ ಬಾಯಿಗೆ ಬೀಗ.

ನಾನು ನೆಲ ಜಾರುತ್ತಿದೆ ಎಂದೆ. ಚಪ್ಪಲಿ ಸರಿಯಿಲ್ಲ ಎಂದೆ. ಬಸ್ಸಿನಲ್ಲಿ ಬಂದು ನೋಡಿ, ಕೈಬಿಟ್ಟು ನಡೆಯುತ್ತೇನೆ ಎಂದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಆ ಗಾದೆ ಹುಟ್ಟಿದ್ದೇ ನನಗಾಗಿ. ಹುಣಸೆ ಮರದ ಬಸ್ಸಿನ ಕತೆಯನ್ನೂ ಜಂಬದಿಂದ ಹೇಳಿದೆ. ಅವಳು ನಗಲಿಲ್ಲ. ಗೋಡೆಯಿಂದ ದೂರ ನಿಲ್ಲಿಸಿ, ಬಲಗಾಲೊಂದರ ಮೇಲೆ ನಿಲ್ಲಲು ಹೇಳಿದಳು. ನಿಂತೆ. ಸೊಂಟ ತಾನಾಗಿಯೇ ಬಲಕ್ಕೆ ಸರಿಯಿತು, ಅಲ್ಲಿ ಇರಬೇಕಾದ ಸೀಟಿನ ಅಂಚನ್ನು ಹುಡುಕಿಕೊಂಡು. ಅಂಚು ಇರಲಿಲ್ಲ. ಅವಳು ಹಿಡಿದುಕೊಳ್ಳದಿದ್ದರೆ ಬಿದ್ದೇ ಬಿಡುತ್ತಿದ್ದೆ.

‘ಆಂಟಿ, ನೀವು ಇನ್ನೂ ಬಸ್ಸಲ್ಲೇ ನಡೀತಿದ್ದೀರ’ ಎಂದಳು. ‘ಇಲ್ಲಿ ಬಸ್ಸಿಲ್ಲ.’

ಆಮೇಲೆ ಬಿಡಿಸಿ ಹೇಳಿದಳು. ಒಂದು ಕಾಲು ಎತ್ತಿದಾಗ ಇನ್ನೊಂದು ಕಡೆಯ ಸೊಂಟದ ಪಕ್ಕದ ಸ್ನಾಯು ಮೈಯನ್ನು ಹಿಡಿದು ನಿಲ್ಲಿಸಬೇಕು. ಆಪರೇಷನ್ನಿನಲ್ಲಿ ಸೋತಿದ್ದ ಆ ಸ್ನಾಯುವಿಗೆ ನಾನು ಕೆಲಸವನ್ನೇ ಕೊಡಲಿಲ್ಲ, ಅದರ ಕೆಲಸವನ್ನೆಲ್ಲ ಸೀಟುಗಳಿಂದ ಮಾಡಿಸಿದೆ. ನಾನು ನಡಿಗೆ ಅಂದುಕೊಂಡು ಅಷ್ಟು ದಿನ ಅಭ್ಯಾಸ ಮಾಡಿದ್ದು ಒರಗುವುದನ್ನು. ಇನ್ನು ಮೇಲೆ ಯಾವುದಕ್ಕೂ ಒರಗಕೂಡದು. ಆ ನಿಲುವನ್ನು ಮೈಯಿಂದ ಪೂರ್ತಿ ಮರೆಸಬೇಕು. ಸದ್ಯಕ್ಕೆ ಒಂದು ಕೋಲು, ಅದೂ ಎಡಗೈಯಲ್ಲಿ.

ವಾಪಸ್ಸು ಬರುವ ಬಸ್ಸಿನಲ್ಲಿ ಕಿಟಕಿಗೆ ಮುಖ ಮಾಡಿ ಕಣ್ಣೀರು ಹಾಕಿದೆ. ನೋವಿಗಲ್ಲ. ಬಸ್ಸಿಗೆ ಮರಳಬೇಕಾದರೆ ಬಸ್ಸು ಕಲಿಸಿದ್ದನ್ನೆಲ್ಲ ಮರೆಯಬೇಕು ಅಂದರೆ ಯಾವ ನ್ಯಾಯ ಅದು?

ಕೋಲಿನ ವಿಷಯಕ್ಕೆ ಮನೆಯಲ್ಲಿ ರಾಮಾಯಣವಾಯಿತು. ಅತ್ತೆ ಮಗ್ಗುಲಲ್ಲೇ ನಿಂತು ಕೋಲನ್ನು ಬಲಗೈಗೆ ವರ್ಗಾಯಿಸುತ್ತಿದ್ದರು. ಎಡಗೈಯಲ್ಲೇ ಹಿಡಿಯಬೇಕೆಂದು ಹೇಳಿದ್ದಾರೆ ಎಂದರೆ ಕೇಳರು. ‘ಬೀಳೋ ಗ್ವಾಡೆಗಲ್ವೇನವ್ವ ಊರುಗೋಲು ಕೊಡಾದು? ನೆಟ್ಟಗಿರೋ ಗ್ವಾಡೆಗೆ ಯಾರು ಕೊಟ್ಟಾರು?’ ಎಂದರು. ಅವರ ಮಾತು ಎಷ್ಟು ಸರಿ ಅನ್ನಿಸುತ್ತಿತ್ತೆಂದರೆ, ಎರಡು ಸಲ ನಾನೂ ಬಲಕ್ಕೆ ಹಿಡಿದು ನೋಡಿದೆ. ಕೋಲಿನ ಮೇಲೆ ಮೈ ಬಿದ್ದು ಇನ್ನಷ್ಟು ವಾಲಿತು. ಎಡಕ್ಕೆ ಹಿಡಿದರೆ ಕುಸಿಯುವ ಸೊಂಟ ಅರ್ಧಕ್ಕೇ ನಿಲ್ಲುತ್ತಿತ್ತು. ಯಾಕೆಂದು ಅತ್ತೆಗೆ ತಿಳಿಸಿ ಹೇಳುವ ತಾಳ್ಮೆ ನನ್ನಲ್ಲಿ ಉಳಿದಿರಲಿಲ್ಲ.

ನಡೆಯುವುದಕ್ಕೆ ಜಾಗ ಹೇಗಿರಬೇಕೆಂದೂ ಫಿಸಿಯೋಥೆರಪಿಯ ಹೆಣ್ಣುಮಗಳು ಹೇಳಿದ್ದಳು. ಕೈಗೆಟುಕುವಂಥದ್ದು ಏನೂ ಇರಕೂಡದು. ಊರಾಚೆ ಒಂದು ಕಣ ಇದೆ. ರಾಗಿಯನ್ನೆಲ್ಲ ಮೆಷಿನ್ನಿನಲ್ಲೇ ಒಕ್ಕುವ ಕಾಲ, ಕಣಕ್ಕೆ ಈಗ ಯಾರೂ ಹೋಗುವುದಿಲ್ಲ. ಸಂಜೆ ನಮ್ಮನೆಯವರು ನನ್ನನ್ನು ಬೈಕಿನಲ್ಲಿ ಕರೆದುಕೊಂಡು ಹೋಗಿ ಅದರ ನಡುವೆ ನಿಲ್ಲಿಸಿ ದೂರ ಸರಿದರು. ಮೊದಲ ದಿನ ನಾನು ಒಂದು ಹೆಜ್ಜೆಯನ್ನೂ ಇಡಲಿಲ್ಲ. ಬಯಲು ಎಂದರೆ ಇಷ್ಟು ಭಯ ಎಂದು ಯಾರು ಅಂದುಕೊಂಡಿದ್ದರು? ತುಂಬಿದ ಬಸ್ಸಿನಲ್ಲಿ, ಘಾಟಿ ತಿರುವಿನಂಥ ತಿರುವಿನಲ್ಲಿ ಚಿಲ್ಲರೆ ಎಣಿಸಿ ಕೊಟ್ಟವಳು, ಸಪಾಟು ನೆಲದ ನಡುವೆ ಕಂಬದ ಹಾಗೆ ನಿಂತುಬಿಟ್ಟಿದ್ದೆ.

ಆಮೇಲೆ ನಡೆದೆ. ಇಳಿಹೊತ್ತಿನ ಬಿಸಿಲಿಗೆ ನನ್ನ ನೆರಳು ಉದ್ದಕ್ಕೆ ಮುಂದೆ ಬೀಳುತ್ತಿತ್ತು, ಅದರ ತಲೆ ಆ ಕಡೆ ಈ ಕಡೆ ಓಲಾಡುತ್ತಿತ್ತು. ವಿಡಿಯೋ ಬೇಕಿರಲಿಲ್ಲ, ನೆರಳೇ ಎಲ್ಲ ಹೇಳುತ್ತಿತ್ತು. ನಾನು ಅದನ್ನೇ ದಿಟ್ಟಿಸಿ ಸೊಂಟ ಬಿಗಿಹಿಡಿದು ಹೆಜ್ಜೆ ಇಡುತ್ತಿದ್ದೆ. ಸ್ವಲ್ಪ ದೂರ ತಲೆ ನೆಟ್ಟಗೆ ಹೋಗುತ್ತಿತ್ತು. ಸೊಂಟದ ಪಕ್ಕ ಉರಿ ಏರುತ್ತಿದ್ದಂತೆ ಮತ್ತೆ ಓಲಾಟ. ಮೋಡ ಕವಿದ ದಿನ ನೆರಳಿರುತ್ತಿರಲಿಲ್ಲ, ನನಗೆ ಸಮಾಧಾನವಾಗುತ್ತಿತ್ತು. ಆ ಸಮಾಧಾನಕ್ಕೆ ಆಮೇಲೆ ನಾಚಿಕೆಯೂ ಆಗುತ್ತಿತ್ತು.

ಮನೆಯಲ್ಲಿ ಪಕ್ಕಕ್ಕೆ ಮಲಗಿ ಕಾಲೆತ್ತಿದೆ. ಹಿಂದೆ ಮಕ್ಕಳಾಟ ಎಂದು ಬಿಟ್ಟಿದ್ದ ಅದೇ ವ್ಯಾಯಾಮ. ಅಡುಗೆಮನೆಯಲ್ಲಿ ಏಡಿಯ ಹಾಗೆ ಅಡ್ಡಡ್ಡ ನಡೆದೆ. ಮುದ್ದೆ ತಿರುವುವಾಗ ಕಟ್ಟೆಗೆ ಒರಗಿದರೆ ಅತ್ತೆ ‘ಸೊಂಟ’ ಎಂದು ಕೂಗುತ್ತಿದ್ದರು. ಕೋಲಿನ ಜಗಳದಲ್ಲಿ ಸೋತಿದ್ದಕ್ಕೆ ಈ ಕಾವಲನ್ನು ತಾವಾಗಿಯೇ ವಹಿಸಿಕೊಂಡಿದ್ದರು. ಹಲ್ಲುಜ್ಜುವಾಗ ಬಾಗಿಲಿಗೆ, ಮಾತಾಡುವಾಗ ಗೋಡೆಗೆ, ಬಸ್ಸು ಕಾಯುವಾಗ ಕಂಬಕ್ಕೆ, ನಾನು ನಿಂತಲ್ಲೆಲ್ಲ ಒರಗುವವಳು ಎಂಬುದು ಆಗ ಗೊತ್ತಾಯಿತು. ಒಂದೊಂದು ಸಲ ಅರಿವಿಗೆ ಬರುವ ಮುಂಚೆಯೇ ಸೊಂಟ ಒರಗಿಯಾಗಿರುತ್ತಿತ್ತು. ನನ್ನ ಮೈಯೇ ನನ್ನ ಮಾತು ಕೇಳುತ್ತಿರಲಿಲ್ಲ.

ಒಂದು ಸಂಜೆ ಕಣದಿಂದ ಬರುವಾಗ ತಲೆ ಕೆಟ್ಟುಹೋಯಿತು. ಅಂದು ನೆರಳು ಮೊದಲ ದಿನಕ್ಕಿಂತ ಹೆಚ್ಚು ಓಲಾಡಿದಂತೆ ಕಂಡಿತ್ತು. ರಜೆ ಮುಗಿಯುತ್ತ ಬಂದಿತ್ತು. ಕಬ್ಬಿನ ಗದ್ದೆಯ ಬದುವಿಗೆ ಬೈಕು ನಿಲ್ಲಿಸಲು ಹೇಳಿ, ಇಳಿದು, ಕೋಲನ್ನು ಕಬ್ಬಿನೊಳಗೆ ಬೀಸಿ ಎಸೆದೆ. ಇನ್ನು ನನ್ನ ಕೈಲಾಗುವುದಿಲ್ಲ, ನನ್ನನ್ನು ಯಾರೂ ನಡೆಸಬೇಡಿ, ಮೂಲೆಗೆ ಹಾಕಿ ಎಂದು ಕೂಗಾಡಿದೆ. ನಮ್ಮನೆಯವರು ಬೈಕಿಗೆ ಸ್ಟ್ಯಾಂಡ್ ಹಾಕಿ ಇಳಿದರು. ಆಳೆತ್ತರ ಬೆಳೆದಿದ್ದ ಕಬ್ಬಿನೊಳಗೆ ನುಗ್ಗಿದರು. ಸೋಗೆ ಸರಸರ ಅನ್ನುವುದು ಮಾತ್ರ ಬಹಳ ಹೊತ್ತು ಕೇಳಿಸಿತು. ಹೊರಗೆ ಬಂದಾಗ ಕೆನ್ನೆ, ಮುಂಗೈಯೆಲ್ಲ ಗೀರು. ಕೋಲನ್ನು ತಂದು ನನ್ನ ಎಡಗೈಗೆ ಕೊಟ್ಟರು. ಯಾವ ಕೈ ಎಂದು ಯೋಚಿಸಲೂ ಇಲ್ಲ.

‘ಬಸ್ಸು ಇಲ್ದಿದ್ರೆ ಬುಡು ಅಮ್ಮಿ, ಮನೆ ಇಲ್ವಾ?’ ಎಂದರು.

ಅವರು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ನನಗೆ ಮಾತ್ರ ಎದೆ ಒಡೆಯಿತು. ಇಷ್ಟು ವರ್ಷ ಜೊತೆಗಿದ್ದವರಿಗೂ ನಾನು ಏನನ್ನು ಕಳೆದುಕೊಳ್ಳುತ್ತಿದ್ದೇನೆಂದು ಗೊತ್ತಿಲ್ಲವಲ್ಲ ಅನ್ನಿಸಿತು. ಹೇಳಲು ಹೋದರೆ ಒಂದು ಬಸ್ಸಿಗೆ ಇಷ್ಟು ರಂಪವೇ ಎಂದು ನನಗೇ ಕೇಳಿಸುತ್ತಿತ್ತು. ಕೋಲು ಹಿಡಿದು ಬೈಕು ಹತ್ತಿದೆ.

ಮಾರನೆಯ ದಿನದಿಂದ ಮತ್ತೆ ಕಣ. ಕೆಲವು ದಿನ ಚೆನ್ನಾಗಿತ್ತು ಎಂದೂ ಹೇಳಬೇಕು. ಕೋಲಿಲ್ಲದೆ ಈ ಬದುವಿನಿಂದ ಆ ಬದುವಿನವರೆಗೆ ನೆರಳಿನ ತಲೆ ಅಲುಗದೆ ಹೋದ ಸಂಜೆಯೂ ಒಂದಿತ್ತು. ವ್ಯಾಯಾಮದ ಹೆಣ್ಣುಮಗಳೂ ಸುಧಾರಿಸಿದೆ ಎಂದಳು. ಆದರೆ ಸ್ನಾಯುವಿಗೆ ಇನ್ನೂ ಕಾಲ ಬೇಕು, ಅವಸರ ಮಾಡಬೇಡಿ ಎಂದಳು. ಅವಸರ ನನ್ನದಲ್ಲ, ರಜೆಯದ್ದು.

ಪರೀಕ್ಷೆಯ ದಿನ ಕೋಲನ್ನು ಮನೆಯಲ್ಲೇ ಬಿಟ್ಟು ಹೋದೆ. ಮಂಡ್ಯದಲ್ಲಿ ಡಾಕ್ಟರ ಕೋಣೆ ಚಿಕ್ಕದಾಗಿತ್ತು. ಒಂದು ಕಡೆ ಮೇಜು, ಇನ್ನೊಂದು ಕಡೆ ಬೀರುಗಳ ಸಾಲು, ನಡುವೆ ಒಬ್ಬರು ಹೋಗುವಷ್ಟು ದಾರಿ. ಬಾಗಿಲವರೆಗೆ ನಡೆದು ಬನ್ನಿ ಎಂದರು. ಆ ದಾರಿ ನೋಡಿದ್ದೇ ನನ್ನ ಮೈಗೆ ಜೀವ ಬಂತು. ಸಲೀಸಾಗಿ ಹೋದೆ, ಸಲೀಸಾಗಿ ಬಂದೆ. ಡಾಕ್ಟರು ತಲೆಯಾಡಿಸಿ ಪೆನ್ನು ತೆಗೆದರು. ನಾನು ಉಸಿರು ಬಿಟ್ಟೆ. ಆಗಲೇ ನನಗೆ ಗೊತ್ತಾದದ್ದು, ನನ್ನ ಬಲ ಸೊಂಟ ಮೇಜಿನ ಅಂಚಿಗೆ ಒತ್ತಿಕೊಂಡಿದೆ ಎಂದು. ತಟ್ಟನೆ ಈಚೆ ಎಳೆದುಕೊಂಡೆ. ಆ ಎಳೆತವನ್ನು ಅವರು ಕಂಡರು. ಪೆನ್ನು ಕೆಳಗಿಟ್ಟು, ಹೊರಗೆ ಬನ್ನಿ ಎಂದರು.

ಹೊರಗೆ ಅಂಗಳ. ಅಗಲಕ್ಕೆ ಬಿಸಿಲು, ಎಲ್ಲಿಯೂ ಒಂದು ಮರವಿಲ್ಲ. ಗೇಟಿನವರೆಗೆ ನಡೆಯಲು ಹೇಳಿದರು. ಕಣ ಅಂದುಕೋ, ಕಣ ಅಂದುಕೋ ಎಂದು ಹೇಳಿಕೊಂಡು ನಡೆದೆ. ಅರ್ಧದವರೆಗೆ ನೆಟ್ಟಗೆ ಹೋದೆ. ಆಮೇಲೆ ಉರಿ ಏರಿತು. ನಡುಮಧ್ಯಾಹ್ನ, ನೆರಳು ಕಾಲಡಿಯಲ್ಲೇ ಇತ್ತು, ನೋಡಿ ತಿದ್ದಿಕೊಳ್ಳಲೂ ಅದು ಸಿಗಲಿಲ್ಲ. ವಾಪಸ್ಸು ಬರುವಾಗ ಅವರ ಮುಖ ನೋಡಿದೆ. ನೋಡಬಾರದಿತ್ತು.

ಮೃದುವಾಗಿಯೇ ಮಾತಾಡಿದರು. ಬಿದ್ದರೆ ಪ್ಲೇಟಿನ ಗತಿ ಏನು, ತುಂಬಿದ ಬಸ್ಸಿನಲ್ಲಿ ಜನರ ಮೇಲೆ ಬಿದ್ದರೆ ಏನು ಎಂದು ಕೇಳಿದರು. ಸದ್ಯಕ್ಕೆ ಕೂತು ಮಾಡುವ ಕೆಲಸ, ವ್ಯಾಯಾಮ ಬಿಡಬೇಡಿ, ಮುಂದೆ ನೋಡೋಣ ಎಂದರು. ಅವರು ಹೇಳಿದ್ದರಲ್ಲಿ ಒಂದೂ ಸುಳ್ಳಲ್ಲ. ನನಗೆ ಕೇಳಿಸಿದ್ದು ಮಾತ್ರ ‘ಸದ್ಯಕ್ಕೆ’ ಎಂಬ ಪದ. ಪಾಸ್ ಕೌಂಟರಿನವರ ಬಾಯಲ್ಲಿ ನಾನು ಕೇಳಿದ್ದ ಪದ.

ಸ್ಟ್ಯಾಂಡಿಗೆ ಬಂದಾಗ ಮಳವಳ್ಳಿ ಬಸ್ಸು ಹೊರಡಲು ನಿಂತಿತ್ತು. ನನ್ನದೇ ಬಸ್ಸು. ಸ್ಟೇರಿಂಗಿನ ಮುಂದೆ ಅಣ್ಣ ಕೂತಿದ್ದರು. ಇವತ್ತು ಪರೀಕ್ಷೆ ಎಂದು ಅವರಿಗೆ ಗೊತ್ತಿತ್ತು. ಬಾಯಿ ಬಿಟ್ಟು ಕೇಳಲಿಲ್ಲ, ನಾನು ಬಾಗಿಲಿಗೆ ಬರುವುದನ್ನು ದೂರದಿಂದಲೇ ನೋಡುತ್ತಿದ್ದರು. ನನ್ನ ನಡಿಗೆಯೇ ಉತ್ತರ ಹೇಳಿರಬೇಕು.

ಹತ್ತಿದೆ. ಹೊಸ ಕಂಡಕ್ಟರ್ ಹಿಂದಿನಿಂದ ಮುಂದಕ್ಕೆ ಬಂದ. ಎಷ್ಟು ಸಲೀಸಾಗಿ ಬಂದನೆಂದರೆ ಅವನನ್ನು ಶಪಿಸಬೇಕೆನ್ನಿಸಿತು. ಮುಂದಿನ ಆ ಕಾಲಿಲ್ಲದವರ ಸೀಟು ಖಾಲಿ ಇತ್ತು. ನಾನು ಕೂರಲಿಲ್ಲ. ಸೀಟುಗಳ ನಡುವೆ, ಎರಡೂ ಕಾಲು ಅಗಲಿಸಿ, ಸೊಂಟವನ್ನು ಯಾವುದಕ್ಕೂ ತಾಗಿಸದೆ ನಿಂತೆ. ಕೈಯಲ್ಲಿ ಟಿಕೆಟ್ ಮೆಷಿನ್ನು ಇರಲಿಲ್ಲ, ಬ್ಯಾಗು ಇರಲಿಲ್ಲ, ಎರಡೂ ಕೈ ಬರಿದಾಗಿದ್ದವು. ಆದರೂ ಏನನ್ನೂ ಹಿಡಿಯಲಿಲ್ಲ. ಮಳವಳ್ಳಿಯವರೆಗೂ ಬೇಕಾದರೆ ಹೀಗೇ ನಿಲ್ಲುತ್ತೇನೆ ಎಂದುಕೊಂಡೆ.

ಕಂಡಕ್ಟರ್ ಸೀಟಿ ಊದಿದ. ಎಂಜಿನ್ನು ಗುರುಗುಟ್ಟಿತು, ಬಸ್ಸು ಹೊರಡಲಿಲ್ಲ. ಮತ್ತೊಮ್ಮೆ ಊದಿದ. ಜನ ತಲೆ ಎತ್ತಿ ಮುಂದೆ ನೋಡಿದರು. ನಾನೂ ನೋಡಿದೆ. ಕನ್ನಡಿಯಲ್ಲಿ ಅಣ್ಣನ ಕಣ್ಣು ನನ್ನ ಮೇಲಿತ್ತು.

‘ನಿಂತ್ಕಂಡೇ ಬತ್ತೀನಿ ಕಣಣ್ಣ’ ಎಂದೆ. ‘ರೈಟ್. ಓಗ್ಲಿ.’

ನನ್ನ ದನಿ ಮೊದಲಿನ ಹಾಗೆಯೇ ಇತ್ತು, ಒಂದಿಷ್ಟೂ ನಡುಗಿರಲಿಲ್ಲ. ಬಸ್ಸು ಅಲ್ಲಾಡಲಿಲ್ಲ. ಕನ್ನಡಿಯಿಂದ ಅವರು ಕಣ್ಣು ತೆಗೆಯಲಿಲ್ಲ. ಮುದುಕಿಯರು ಹತ್ತಿದಾಗ ನೋಡುತ್ತಿದ್ದ ನೋಟ ಅದು, ನನಗೆ ಚೆನ್ನಾಗಿ ಗೊತ್ತಿತ್ತು.

‘ಮೊದ್ಲು ಕೂತ್ಕಳವ್ವ’ ಎಂದರು.

ಕೂತೆ. ಬಸ್ಸು ಹೊರಟಿತು.